‘ಬಿಕಾಸ್’ ಎಲ್ಲಿ, ‘ಬಿಕಾಸ್ ಆಫ್’ ಎಲ್ಲಿ? ಹತ್ತನೇ ಕ್ಲಾಸಿನ ಮಕ್ಕಳಿಗೆ ಹೇಳಿಕೊಡುವುದು ಹೇಗೆ?

ಬದಿಯಡ್ಕ_ಟ್ಯೂಷನ್:

ಕಾಸರಗೋಡಿನ ಕನ್ನಡ ಮಾಧ್ಯಮದ ಹತ್ತನೇ ಕ್ಲಾಸಿನ ಮಕ್ಕಳ ಇಂಗ್ಲಿಷ್ ಬಗ್ಗೆ ಒಂದು ಪ್ರಶ್ನೆ. ಪ್ರಿಪೊಸಿಷನ್ (ಹೆಸರಿನ ಎಡಗಡೆ ಬರುವ ‘ಇನ್’, ‘ಆಫ್’ನಂಥ ಪದ) ಪಾಠ ಬೇರೆ, ಕಂಜಂಕ್ಷನ್ (ಪದ, ವಾಕ್ಯ ಸೇರಿಸುವ ‘ಅಂಡ್’, ‘ಬಿಕಾಸ್’ನಂಥ ಪದ) ಪಾಠ ಬೇರೆ ಮಾಡಿದರೆ ಏನೂ ತೊಂದರೆ ಇಲ್ಲ. ಬಿಟ್ಟ ಸ್ಥಳ ತುಂಬಿಸಿ ಅಂದರೆ ಹತ್ತಕ್ಕೆ ಒಂಬತ್ತು ಸರಿ. ಸ್ವಂತ ವಾಕ್ಯದಲ್ಲಿ ಎರಡೂ ಎದುರುಬದುರಾದವು ಅಂದರೆ ಮುಗಿಯಿತು. ಈ ವಾರದ ನೋಟ್‌ಬುಕ್‌ಗಳಿಂದ ಹೆಕ್ಕಿದ ಐದು:

1. ದ ಬಸ್ ವಾಸ್ ಲೇಟ್ ಬಿಕಾಸ್ ಆಫ್ ಇಟ್ ವಾಸ್ ರೇನಿಂಗ್.
2. ದೋ ಇಟ್ ವಾಸ್ ರೇನಿಂಗ್, ಬಟ್ ವಿ ವೆಂಟ್ ಟು ಸ್ಕೂಲ್.
3. ಡ್ಯೂರಿಂಗ್ ಐ ವಾಸ್ ಈಟಿಂಗ್, ದ ಕರೆಂಟ್ ವೆಂಟ್.
4. ಐ ಆಮ್ ಲಿವಿಂಗ್ ಇನ್ ಬದಿಯಡ್ಕ ಸಿನ್ಸ್ ಟೆನ್ ಇಯರ್ಸ್.
5. ಐ ವಿಲ್ ವೇಟ್ ಅಂಟಿಲ್ ಯೂ ವಿಲ್ ಕಮ್.

ಒಂದೊಂದನ್ನೂ ತಿದ್ದಿಕೊಡಬಹುದು, ಅದು ಕಷ್ಟವಲ್ಲ. ಆದರೆ ಐದಕ್ಕೂ ಬೇರೆ ಬೇರೆ ನಿಯಮ ಬಾಯಿಪಾಠ ಮಾಡಿಸಬೇಕಾ, ಅಥವಾ ಇವುಗಳ ಬುಡ ಒಂದೇ ಉಂಟಾ? ಬುಡ ಒಂದೇ ಆದರೆ ಅದನ್ನು ಕನ್ನಡದ ಮೂಲಕವೇ ತೋರಿಸಲಿಕ್ಕೆ ಆಗ್ತದಾ?

---

ಪೆರ್ಲದ_ಮೇಷ್ಟ್ರು:

ಬುಡ ಹೆಚ್ಚುಕಡಿಮೆ ಒಂದೇ, ಮತ್ತು ಅದು ಇರುವುದು ಇಂಗ್ಲಿಷಿನಲ್ಲಿ ಅಲ್ಲ, ನಮ್ಮ ಕನ್ನಡದಲ್ಲಿ.

ಈ ಎರಡು ವಾಕ್ಯ ನೋಡಿ: ‘ಮಳೆಯಿಂದ ಬಸ್ಸು ತಡವಾಯಿತು.’ ‘ಮಳೆ ಬಂದದ್ದರಿಂದ ಬಸ್ಸು ತಡವಾಯಿತು.’ ಮೊದಲನೆಯದರಲ್ಲಿ ‘ಮಳೆ’ ಎಂಬ ಬರಿಯ ನಾಮಪದಕ್ಕೆ ‘ಇಂದ’ ಅಂಟಿದೆ. ಎರಡನೆಯದರಲ್ಲಿ ‘ಮಳೆ ಬಂತು’ ಎಂಬ ಇಡೀ ವಾಕ್ಯವನ್ನೇ ‘ಬಂದದ್ದು’ ಎಂದು ನಾಮಪದ ಮಾಡಿ, ಅದಕ್ಕೂ ಅದೇ ‘ಇಂದ’ ಅಂಟಿಸಿದ್ದೇವೆ. ನಮ್ಮ ಗೋಂದು ಒಂದೇ. ಹೆಸರಿಗೂ ಅದೇ, ವಾಕ್ಯಕ್ಕೂ ಅದೇ. ‘ಊಟದ ನಂತರ’, ‘ಉಂಡ ನಂತರ’. ‘ಪರೀಕ್ಷೆಯವರೆಗೆ’, ‘ಪರೀಕ್ಷೆ ಮುಗಿಯುವವರೆಗೆ’. ಹೀಗಾಗಿ ಇಲ್ಲಿ ಪ್ರಿಪೊಸಿಷನ್ ಯಾವುದು, ಕಂಜಂಕ್ಷನ್ ಯಾವುದು ಎಂದು ಕೇಳುವ ಅಗತ್ಯವೇ ಕನ್ನಡದ ಮಗುವಿಗೆ ಬಂದಿರುವುದಿಲ್ಲ.

ಇಂಗ್ಲಿಷಿಗೆ ಆ ಅಗತ್ಯ ಉಂಟು. ಪದದ ಬಲಗಡೆ ಬರಿಯ ಹೆಸರು ಬಂದರೆ ಒಂದು ಪದ, ಕರ್ತೃ ಮತ್ತು ಕಾಲ ತೋರಿಸುವ ಕ್ರಿಯಾಪದ ಎರಡೂ ಇರುವ ವಾಕ್ಯ ಬಂದರೆ ಇನ್ನೊಂದು ಪದ. ಮಕ್ಕಳಿಗೆ ಹೇಳಬೇಕಾದ ಪರೀಕ್ಷೆ ಇಷ್ಟೇ: ಸೇರಿಸುವ ಪದದ ಮೇಲೆ ಬೆರಳಿಟ್ಟು ಬಲಗಡೆ ಇರುವುದನ್ನು ಮಾತ್ರ ಓದು. ಅದು ಒಂಟಿಯಾಗಿ ನಿಲ್ಲುವ ವಾಕ್ಯವಾ? ‘ಇಟ್ ವಾಸ್ ರೇನಿಂಗ್’: ಹೌದು, ನಿಲ್ಲುತ್ತದೆ. ಹಾಗಾದರೆ ‘ಬಿಕಾಸ್’. ‘ದ ರೈನ್’: ನಿಲ್ಲುವುದಿಲ್ಲ. ಹಾಗಾದರೆ ‘ಬಿಕಾಸ್ ಆಫ್’.

ಇದೇ ತಕ್ಕಡಿಯಲ್ಲಿ ಉಳಿದ ಜೋಡಿಗಳನ್ನೂ ತೂಗಬಹುದು. ‘ಆಲ್‌ದೋ’ ಅಥವಾ ‘ದೋ’ ಮುಂದೆ ವಾಕ್ಯ. ‘ಡಿಸ್‌ಪೈಟ್’, ‘ಇನ್ ಸ್ಪೈಟ್ ಆಫ್’ ಮುಂದೆ ಹೆಸರು. ‘ವೈಲ್’ ಮುಂದೆ ವಾಕ್ಯ. ‘ಡ್ಯೂರಿಂಗ್’ ಮುಂದೆ ಹೆಸರು. ‘ಇನ್ ಕೇಸ್’ ಮುಂದೆ ವಾಕ್ಯ. ‘ಇನ್ ಕೇಸ್ ಆಫ್’ ಮುಂದೆ ಹೆಸರು. ಮೂರನೇ ವಾಕ್ಯ ಹಾಗಾಗಿ ‘ವೈಲ್ ಐ ವಾಸ್ ಈಟಿಂಗ್’ ಅಥವಾ ‘ಡ್ಯೂರಿಂಗ್ ಲಂಚ್’ ಆಗಬೇಕು. (‘ಕರೆಂಟ್ ವೆಂಟ್’ ನಮ್ಮ ಊರಿನ ಇಂಗ್ಲಿಷ್. ‘ದ ಪವರ್ ವೆಂಟ್ ಆಫ್’ ಎಂದು ಇನ್ನೊಂದು ದಿನ ತಿದ್ದಿ. ಒಂದೇ ದಿನ ಎರಡೆರಡು ತಪ್ಪಿಗೆ ಕೆಂಪು ಶಾಯಿ ಬೇಡ.)

‘ಡಿಸ್‌ಪೈಟ್ ಆಫ್’ ಎಂದು ಬರೆಯುವವರು ಬಹಳ. ‘ಆಫ್’ ಇರುವುದು ‘ಇನ್ ಸ್ಪೈಟ್ ಆಫ್’ನಲ್ಲಿ ಮಾತ್ರ. ಹಿಂದೆ ‘ಇನ್ ಡಿಸ್‌ಪೈಟ್ ಆಫ್’ ಎಂದೂ ಇತ್ತು. ಕಾಲಕ್ರಮದಲ್ಲಿ ‘ಡಿಸ್‌ಪೈಟ್’ ಹಿಂದಿನ ‘ಇನ್’ ಮುಂದಿನ ‘ಆಫ್’ ಎರಡನ್ನೂ ಕಳಚಿ ಒಂಟಿಯಾಗಿ ನಿಂತಿತು, ‘ಇನ್ ಸ್ಪೈಟ್ ಆಫ್’ ಹಾಗೆಯೇ ಉಳಿಯಿತು.

ಕಾಲ ಹೇಳುವ ಈ ನಾಲ್ಕು ಪದಗಳು ಕನ್ನಡದ ಹಾಗೆಯೇ ಎರಡೂ ಕಡೆಯ ಆಳುಗಳು: ‘ಬಿಫೋರ್’, ‘ಆಫ್ಟರ್’, ‘ಸಿನ್ಸ್’, ‘ಅಂಟಿಲ್’ (‘ಟಿಲ್’ ಕೂಡ). ‘ಬಿಫೋರ್ ದ ಮಾನ್ಸೂನ್’ ಸರಿ, ‘ಬಿಫೋರ್ ದ ಮಾನ್ಸೂನ್ ಬಿಗಿನ್ಸ್’ ಕೂಡ ಸರಿ. ಪಾಠವನ್ನು ಇವುಗಳಿಂದಲೇ ಶುರು ಮಾಡಿ. ಮಗುವಿಗೆ ಮನೆಗೆ ಬಂದ ಹಾಗೆ ಆಗ್ತದೆ. ಅಡಿಕೆಗೆ ಬೋರ್ಡೋ ಮದ್ದು ಹೊಡೆಯುವ ಮಾತು ನಮ್ಮ ಕಡೆ ಯಾವ ಮನೆಯಲ್ಲಿ ಇಲ್ಲ? ‘ಮಳೆಗಾಲದ ಮೊದಲು’, ‘ಮಳೆಗಾಲ ಶುರುವಾಗುವ ಮೊದಲು’. ಎರಡನ್ನೂ ಬೋರ್ಡಿನಲ್ಲಿ ಬರೆದು ಕೆಳಗೆ ಇಂಗ್ಲಿಷ್ ಬರೆಯಿರಿ. ಅದು ಗಟ್ಟಿಯಾದ ಮೇಲೆ ‘ಬಿಕಾಸ್’ಗೆ ಬನ್ನಿ: ಇಲ್ಲಿ ಇಂಗ್ಲಿಷ್ ಎರಡು ಬಾಗಿಲು ಇಟ್ಟಿದೆ ಎಂದು.

ಒಂದು ಸ್ವಾರಸ್ಯ: ‘ಬಿಕಾಸ್’ ಎಂಬುದೇ ‘ಬೈ’ ಮತ್ತು ‘ಕಾಸ್’ ಸೇರಿ ಆದ ಪದ. ಹಳೆಯ ಇಂಗ್ಲಿಷರು ‘ಬೈ ಕಾಸ್ ಆಫ್’, ‘ಬೈ ಕಾಸ್ ದ್ಯಾಟ್’ ಎಂದು ಬಿಡಿಬಿಡಿಯಾಗಿ ಹೇಳುತ್ತಿದ್ದರು. ಅಂದರೆ ಅಕ್ಷರಶಃ ನಮ್ಮ ‘ಕಾರಣದಿಂದ’. ‘ದ್ಯಾಟ್’ ಬಿದ್ದುಹೋಗಿ ಬರಿಯ ‘ಬಿಕಾಸ್’ ವಾಕ್ಯದ ಎಡಗಡೆ ನಿಂತಿತು. ‘ಆಫ್’ ಬೀಳದೆ ಹೆಸರಿನ ಎಡಗಡೆ ಉಳಿಯಿತು.

---

ಉಪ್ಪಳ_ಪೇಟೆ:

ಮೇಷ್ಟ್ರು ಹೇಳಿದ್ದು ಸರಿ. ಆದರೆ ಎರಡನೇ ವಾಕ್ಯ, ಅಂದರೆ ‘ದೋ... ಬಟ್’, ಆ ತಕ್ಕಡಿಗೆ ಸಿಗುವುದಿಲ್ಲ. ‘ದೋ’ ಮುಂದೆ ವಾಕ್ಯವೇ ಇದೆ, ‘ಬಟ್’ ಮುಂದೆಯೂ ವಾಕ್ಯವೇ ಇದೆ. ತಪ್ಪು ಬೇರೆ ಜಾಗದಲ್ಲಿದೆ.

‘ಮಳೆ ಬರುತ್ತಿದ್ದರೂ ಶಾಲೆಗೆ ಹೋದೆವು.’ ಇಲ್ಲಿ ‘ರೂ’ ಎಲ್ಲಿ ಕೂತಿದೆ ನೋಡಿ. ಎರಡು ವಾಕ್ಯಗಳ ಸರಿಯಾದ ನಡುವಿಗೆ, ಬೆಸುಗೆ ಹಾಕುವ ಜಾಗದಲ್ಲಿ. ಇಂಗ್ಲಿಷಿನ ‘ದೋ’ ಎದ್ದು ಹೋಗಿ ವಾಕ್ಯದ ತಲೆಯ ಮೇಲೆ ಕೂರುತ್ತದೆ. ಆಗ ನಡುವಿನ ಜಾಗ ಖಾಲಿ. ಕನ್ನಡದ ಕಿವಿಗೆ ಅಲ್ಲಿ ಏನೋ ಬಿಟ್ಟುಹೋದ ಹಾಗೆ ಕೇಳುತ್ತದೆ, ಮಗು ‘ಬಟ್’ ತಂದು ತುಂಬಿಸುತ್ತದೆ. ‘ಬಿಕಾಸ್ ಇಟ್ ರೇನ್ಡ್, ಸೋ ವಿ ಸ್ಟೇಡ್ ಅಟ್ ಹೋಮ್’ ಎಂಬುದೂ ಇದೇ ಕಾಯಿಲೆ.

ಮದ್ದು: ಎರಡು ವಾಕ್ಯಕ್ಕೆ ಒಂದೇ ಕೊಂಡಿ. ತಲೆಯಲ್ಲಿ ‘ದೋ’ ಹಾಕಿದರೆ ನಡುವೆ ಬರಿಯ ಕಾಮಾ. ನಡುವೆ ‘ಬಟ್’ ಹಾಕಿದರೆ ತಲೆ ಬೋಳು. ಆ ಕಾಮಾವನ್ನು ತೋರಿಸಿ ‘ನಮ್ಮ ರೂ ಇಲ್ಲಿ ಇಳಿದುಕೊಂಡಿದೆ’ ಎಂದು ಹೇಳಿದರೆ ಮಕ್ಕಳಿಗೆ ಬೇಗ ಹತ್ತುತ್ತದೆ. ಹಳೆಯ ಪಾಠಗಳಲ್ಲಿ ‘ದೋ... ಯೆಟ್’ ಜೋಡಿ ಕಾಣಿಸಬಹುದು. ಅದು ತಪ್ಪಲ್ಲ, ಆದರೆ ದಿನನಿತ್ಯದ ಮಾತಿಗೆ ಭಾರ.

ನಾಲ್ಕನೆಯದರಲ್ಲಿ ಎರಡು ತಪ್ಪು ಒಟ್ಟಿಗೆ ಉಂಟು. ‘ಹತ್ತು ವರ್ಷದಿಂದ’, ‘2015ರಿಂದ’: ನಮಗೆ ಎರಡಕ್ಕೂ ‘ಇಂದ’. ಇಂಗ್ಲಿಷಿಗೆ ಅಳತೆ ಬೇರೆ, ಗೂಟ ಬೇರೆ. ಹತ್ತು ವರ್ಷ ಎಂಬುದು ಅಳತೆ, ಅದಕ್ಕೆ ‘ಫಾರ್’. 2015 ಎಂಬುದು ಗೂಟ, ಅದಕ್ಕೆ ‘ಸಿನ್ಸ್’. ಎರಡನೇ ತಪ್ಪು ಕಾಲದ್ದು. ‘ಹತ್ತು ವರ್ಷದಿಂದ ಇದ್ದೇನೆ’ ಎಂದು ನಾವು ವರ್ತಮಾನ ಬಳಸುತ್ತೇವೆ; ಅಲ್ಲಿ ‘ಐ ಹ್ಯಾವ್ ಲಿವ್ಡ್’ ಅಥವಾ ‘ಐ ಹ್ಯಾವ್ ಬೀನ್ ಲಿವಿಂಗ್’ ಬೇಕು. ‘ಸಿನ್ಸ್’ ಮುಂದೆ ವಾಕ್ಯ ಬಂದರೆ ಆ ವಾಕ್ಯವೇ ಗೂಟ, ಅದು ಸಾಮಾನ್ಯವಾಗಿ ಭೂತಕಾಲದಲ್ಲಿ ಇರ್ತದೆ: ‘ಐ ಹ್ಯಾವ್ ಲಿವ್ಡ್ ಹಿಯರ್ ಸಿನ್ಸ್ ಐ ವಾಸ್ ಫೈವ್’.

ಐದನೆಯದಕ್ಕೂ ಕನ್ನಡವೇ ಹೊಣೆ. ‘ನೀನು ಬರುವವರೆಗೆ’ ಎಂಬುದರಲ್ಲಿ ‘ಬರುವ’ ಇನ್ನೂ ಆಗದ ಕೆಲಸ, ಅದಕ್ಕೆ ಮಗು ‘ವಿಲ್’ ಹಾಕುತ್ತದೆ. ‘ಅಂಟಿಲ್’, ‘ಬಿಫೋರ್’, ‘ಆಫ್ಟರ್’, ‘ವೆನ್’ ಇವುಗಳ ನಂತರದ ವಾಕ್ಯ ಮುಂದೆ ಆಗುವುದನ್ನೇ ಹೇಳಿದರೂ ‘ವಿಲ್’ ಬೇಡ. ‘ವಿಲ್’ ಒಂದೇ ಸಲ, ಮುಖ್ಯ ವಾಕ್ಯದಲ್ಲಿ.

---

ಚಂದ್ರಗಿರಿ_ತೀರ:

ಪೆರ್ಲದ ಮೇಷ್ಟ್ರ ತಕ್ಕಡಿಯಲ್ಲಿ ಒಂದು ತೂತು ಉಂಟು. ಕೋಪ ಬೇಡ.

‘ಐ ವಾಸ್ ಅಪ್‌ಸೆಟ್ ಬಿಕಾಸ್ ಆಫ್ ವಾಟ್ ಹಿ ಸೆಡ್.’ ಬಲಗಡೆ ‘ಹಿ ಸೆಡ್’ ಇದೆ. ಕರ್ತೃವೂ ಉಂಟು, ಕ್ರಿಯಾಪದವೂ ಉಂಟು. ಆದರೂ ‘ಆಫ್’ ಸರಿ. ಯಾಕೆ? ‘ವಾಟ್ ಹಿ ಸೆಡ್’ ಎಂದರೆ ‘ಅವನು ಹೇಳಿದ ಮಾತು’. ಇಡೀ ತುಂಡೇ ಒಂದು ಹೆಸರಾಗಿದೆ.

ಕನ್ನಡದಲ್ಲಿ ‘ಅವನು ಹೇಳಿದ್ದರಿಂದ ಬೇಸರವಾಯಿತು’ ಅಂದರೆ ಎರಡು ಅರ್ಥ. ಅವನು ಬಾಯಿ ಬಿಟ್ಟದ್ದೇ ಬೇಸರಕ್ಕೆ ಕಾರಣ ಎಂದಾದರೆ ‘ಬಿಕಾಸ್ ಹಿ ಸೆಡ್ ಇಟ್’. ಅವನು ಆಡಿದ ಮಾತಿನ ಒಳಗಿನ ವಿಷಯ ಕಾರಣ ಎಂದಾದರೆ ‘ಬಿಕಾಸ್ ಆಫ್ ವಾಟ್ ಹಿ ಸೆಡ್’. ‘ಹೇಳಿದ್ದು’ ಎಂಬ ಒಂದೇ ರೂಪ ಎರಡನ್ನೂ ಹೊರುತ್ತದೆ. ಹತ್ತನೇ ಕ್ಲಾಸಿನ ಮಕ್ಕಳಿಗೂ ಈ ಒಂದು ವಾಕ್ಯವನ್ನು ಕೊಟ್ಟು ಎರಡೂ ಇಂಗ್ಲಿಷ್ ಬರೆಯಿಸಬಹುದು, ಸುಲಭವಾಗಿ ಹಿಡಿಯುತ್ತಾರೆ.

ಹಾಗಾಗಿ ನಿಯಮಕ್ಕೆ ಒಂದು ಬಾಲ: ‘ವಾಟ್’, ‘ಹೌ’, ‘ವೇರ್’, ‘ಹೂ’, ‘ವೆದರ್’ ಇವುಗಳಿಂದ ಶುರುವಾಗುವ ತುಂಡು ಪ್ರಿಪೊಸಿಷನ್ನಿನ ಮುಂದೆ ಹೆಸರಿನ ಹಾಗೆ ಕೂರಬಹುದು. ‘ಇಟ್ ಡಿಪೆಂಡ್ಸ್ ಆನ್ ವೆದರ್ ದ ಬಸ್ ಕಮ್ಸ್’, ಅಂದರೆ ಬಸ್ಸು ಬರುತ್ತದೋ ಇಲ್ಲವೋ ಎಂಬುದರ ಮೇಲೆ. ಇಲ್ಲಿ ‘ಆನ್ ಇಫ್’ ಆಗುವುದಿಲ್ಲ. ‘ಇಫ್’ ಪ್ರಿಪೊಸಿಷನ್ನಿನ ಪಕ್ಕದಲ್ಲಿ ಕೂರದು. ‘ದ್ಯಾಟ್’ ಕೂಡ ಹೆಚ್ಚಿನ ಕಡೆ ಕೂರದು; ‘ಇನ್ ದ್ಯಾಟ್’, ‘ಎಕ್ಸೆಪ್ಟ್ ದ್ಯಾಟ್’ ಎಂಬ ಕೆಲವು ಬಿಟ್ಟರೆ. ಅದಕ್ಕೇ ‘ಡಿಸ್‌ಪೈಟ್ ದ್ಯಾಟ್ ಇಟ್ ರೇನ್ಡ್’ ತಪ್ಪು, ನಡುವೆ ಒಂದು ಹೆಸರು ತುರುಕಿ ‘ಡಿಸ್‌ಪೈಟ್ ದ ಫ್ಯಾಕ್ಟ್ ದ್ಯಾಟ್ ಇಟ್ ರೇನ್ಡ್’ ಮಾಡಬೇಕು. ನಮ್ಮ ‘ಎಂಬುದು’ ಮಾಡುವ ಕೆಲಸವನ್ನು ಅಲ್ಲಿ ‘ದ ಫ್ಯಾಕ್ಟ್’ ಮಾಡುತ್ತದೆ. ಆದರೆ ಉದ್ದವಾಯಿತಲ್ಲ? ‘ಆಲ್‌ದೋ ಇಟ್ ರೇನ್ಡ್’ ಅಂದರೆ ಮುಗಿಯಿತು.

ಇನ್ನು ‘ಐಎನ್‌ಜಿ’ ದಾರಿಯನ್ನು ಯಾರೂ ಹೇಳಲಿಲ್ಲ. ಪ್ರಿಪೊಸಿಷನ್ನಿನ ಮುಂದೆ ಕ್ರಿಯಾಪದ ಬರಲೇಬೇಕಾದರೆ ಅದು ‘ಐಎನ್‌ಜಿ’ ಬಾಲ ಕಟ್ಟಿಕೊಂಡೇ ಬರಬೇಕು: ‘ಆಫ್ಟರ್ ಈಟಿಂಗ್’, ‘ವಿದೌಟ್ ಟೆಲ್ಲಿಂಗ್’, ‘ಇನ್‌ಸ್ಟೆಡ್ ಆಫ್ ಗೋಯಿಂಗ್’. ‘ಐ ಲುಕ್ ಫಾರ್ವರ್ಡ್ ಟು ಮೀಟ್ ಯೂ’ ಎಂದು ಅರ್ಜಿ ಬರೆಯುವವರು ಎಡವುವುದು ಇಲ್ಲೇ. ಆ ‘ಟು’ ಪ್ರಿಪೊಸಿಷನ್, ‘ಟು ಮೀಟಿಂಗ್’ ಆಗಬೇಕು. ಗೊತ್ತುಮಾಡುವುದು ಹೇಗೆ ಅಂದರೆ ‘ಟು’ ನಂತರ ಒಂದು ಬರಿಯ ಹೆಸರು ಇಟ್ಟು ನೋಡುವುದು. ‘ಲುಕ್ ಫಾರ್ವರ್ಡ್ ಟು ದ ಹಾಲಿಡೇಸ್’ ನಿಲ್ಲುತ್ತದೆ, ಹಾಗಾಗಿ ಪ್ರಿಪೊಸಿಷನ್. ‘ವಾಂಟ್ ಟು ದ ಹಾಲಿಡೇಸ್’ ನಿಲ್ಲುವುದಿಲ್ಲ, ಹಾಗಾಗಿ ಅಲ್ಲ.

‘ಐಎನ್‌ಜಿ’ಯಲ್ಲಿ ಒಂದು ಗುಂಡಿ ಉಂಟು. ‘ಆಫ್ಟರ್ ಫಿನಿಶಿಂಗ್ ದ ಎಗ್ಸಾಮ್, ದ ಬೆಲ್ ರ್ಯಾಂಗ್’ ಅಂದರೆ ಬೆಲ್ಲೇ ಪರೀಕ್ಷೆ ಬರೆದು ಮುಗಿಸಿದ ಹಾಗೆ. ಕನ್ನಡದ ಕಿವಿಯಿಂದ ಕೇಳಿ: ‘ಪರೀಕ್ಷೆ ಮುಗಿಸಿ ಗಂಟೆ ಬಾರಿಸಿತು’ ಎಂದು ಯಾರೂ ಹೇಳುವುದಿಲ್ಲ, ನಗು ಬರ್ತದೆ. ‘ನಾವು ಪರೀಕ್ಷೆ ಮುಗಿಸಿದ ಮೇಲೆ ಗಂಟೆ ಬಾರಿಸಿತು’ ಅನ್ನುತ್ತೇವೆ. ಕನ್ನಡದಲ್ಲಿ ‘ಮಾಡಿ, ಮುಗಿಸಿ, ಹೋಗಿ’ ಹೊಂದುವ ಜಾಗದಲ್ಲಿ ‘ಐಎನ್‌ಜಿ’ಗೆ ಭಯವಿಲ್ಲ. ‘ಮುಗಿಸಿದ ಮೇಲೆ’ ಎಂದೇ ಹೇಳಬೇಕಾಗಿ ಬಂದರೆ ಕರ್ತೃ ಸಮೇತ ಇಡೀ ವಾಕ್ಯ ಹಾಕುವುದು ಕ್ಷೇಮ.

---

ಪೆರ್ಲದ_ಮೇಷ್ಟ್ರು:

ತೂತು ಒಪ್ಪಿದೆ. ‘ವಾಟ್ ಹಿ ಸೆಡ್’ ಒಂಟಿಯಾಗಿ ವಾಕ್ಯವಾಗಿ ನಿಲ್ಲುವುದಿಲ್ಲ ಎಂದು ವಾದಿಸಿ ತಪ್ಪಿಸಿಕೊಳ್ಳಬಹುದಿತ್ತು, ಆದರೆ ಹತ್ತನೇ ಕ್ಲಾಸಿನ ಮಗು ಅಷ್ಟು ನುಣುಪಾಗಿ ನೋಡುವುದಿಲ್ಲ. ನಿಮ್ಮ ಬಾಲ ಸೇರಿಸಿಯೇ ಹೇಳುವುದು ಒಳ್ಳೆಯದು.

ಅಂದ ಹಾಗೆ, ‘ಬಿಫೋರ್’ ಒಮ್ಮೆ ಪ್ರಿಪೊಸಿಷನ್, ಇನ್ನೊಮ್ಮೆ ಕಂಜಂಕ್ಷನ್ ಎಂದು ಎರಡು ಹೆಸರು ಕೊಡುವುದೇ ವ್ಯರ್ಥ ಎಂದು ಡೆನ್ಮಾರ್ಕಿನ ಭಾಷಾವಿಜ್ಞಾನಿ ಒಟ್ಟೊ ಯೆಸ್ಪರ್ಸನ್ 1924ರಲ್ಲೇ ವಾದಿಸಿದ್ದರು. ಕ್ರಿಯಾಪದಕ್ಕೆ ಕರ್ಮ ಹೆಸರಾದರೂ ವಾಕ್ಯವಾದರೂ ಅದನ್ನು ಕ್ರಿಯಾಪದ ಅಂತಲೇ ಕರೆಯುತ್ತೇವಲ್ಲ, ಇದಕ್ಕೆ ಮಾತ್ರ ಯಾಕೆ ಎರಡು ಹೆಸರು ಎಂಬ ಧಾಟಿ. ಕನ್ನಡದವರಿಗೆ ಇದು ಹೊಸತಾಗಿ ಕೇಳಿಸುವುದೇ ಇಲ್ಲ. ಆದರೆ ಪರೀಕ್ಷೆಯಲ್ಲಿ ‘ಪದವರ್ಗ ಗುರುತಿಸಿ’ ಎಂದು ಕೇಳಿದರೆ ಯೆಸ್ಪರ್ಸನ್ ಬರುವುದಿಲ್ಲ, ಹಳೆಯ ಎರಡು ಹೆಸರನ್ನೇ ಬರೆಯಿಸಿ.

---

ಎಲ್‌ಡಿಸಿ_ತಯಾರಿ:

ಮಧ್ಯದಲ್ಲಿ ಬಾಯಿ ಹಾಕ್ತಿದ್ದೇನೆ. ಕೇರಳ ಪಿಎಸ್‌ಸಿ (ಲೋಕಸೇವಾ ಆಯೋಗ) ಪರೀಕ್ಷೆಯ ಇಂಗ್ಲಿಷ್ ಭಾಗದ ತಯಾರಿಯಲ್ಲಿ ಮೂರು ಕಡೆ ಗೊಂದಲ: ‘ಬೈ’ ಮತ್ತು ‘ಅಂಟಿಲ್’, ‘ಬಿಟ್ವೀನ್ ಟೆನ್ ಟು ಟ್ವೆಲ್ವ್’ ಯಾಕೆ ತಪ್ಪು, ಮತ್ತೆ ‘ಅಲಾಂಗ್ ವಿತ್’ ಬಂದಾಗ ‘ಹ್ಯಾಸ್’ ಯಾಕೆ, ಇಬ್ಬರಿದ್ದಾರಲ್ಲ?

---

ಉಪ್ಪಳ_ಪೇಟೆ:

‘ಬೈ’, ‘ಅಂಟಿಲ್’ ನಾನು ಹೇಳ್ತೇನೆ, ಉಳಿದದ್ದು ಬೇರೆಯವರಿಗೆ.

‘ಐದು ಗಂಟೆಯೊಳಗೆ ಮುಗಿಸು’: ‘ಫಿನಿಶ್ ಇಟ್ ಬೈ ಫೈವ್’. ‘ಐದು ಗಂಟೆಯವರೆಗೆ ಓದು’: ‘ರೀಡ್ ಅಂಟಿಲ್ ಫೈವ್’. ‘ಒಳಗೆ’ ಎಂದರೆ ಗಡುವು, ಕೆಲಸ ಅದಕ್ಕಿಂತ ಮೊದಲೇ ಮುಗಿದರೂ ಸರಿ. ‘ವರೆಗೆ’ ಎಂದರೆ ಕೆಲಸ ಅಲ್ಲಿಯ ತನಕ ಎಳೆಯಬೇಕು. ಇಲ್ಲಿ ಕನ್ನಡ ನಿಮ್ಮ ಕಡೆಗೇ ಉಂಟು, ಅದನ್ನು ಬಿಟ್ಟು ಇಂಗ್ಲಿಷ್ ವಿವರಣೆ ಬಾಯಿಪಾಠ ಮಾಡಬೇಡಿ.

ಒಂದೇ ಅಪಾಯ: ‘ಒಂದು ಗಂಟೆಯೊಳಗೆ ಬಾ.’ ಇದು ಒಂದು ಗಂಟೆ ಹೊಡೆಯುವುದರೊಳಗೆ ಎಂದಾದರೆ ‘ಬೈ ಒನ್’, ಅರುವತ್ತು ನಿಮಿಷದೊಳಗೆ ಎಂದಾದರೆ ‘ವಿದಿನ್ ಅನ್ ಅವರ್’. ಗೂಟ, ಅಳತೆ ಇಲ್ಲಿಯೂ ಬಂತು.

‘ಅಂಟಿಲ್’ ಮುಂದೆ ವಾಕ್ಯ ಬರಬಹುದು, ‘ಬೈ’ ಮುಂದೆ ಬಾರದು. ಅದಕ್ಕೆ ‘ಬೈ ದ ಟೈಮ್’ ಬೇಕು: ‘ಬೈ ದ ಟೈಮ್ ದ ಬಸ್ ಕೇಮ್, ದ ಶಾಪ್ ಹ್ಯಾಡ್ ಕ್ಲೋಸ್ಡ್’. ಬಸ್ಸು ಬರುವ ಹೊತ್ತಿಗೆ ಅಂಗಡಿ ಮುಚ್ಚಿತ್ತು. ‘ಹೊತ್ತಿಗೆ’ ಎಂಬುದೇ ‘ಬೈ ದ ಟೈಮ್’.

---

ಚಂದ್ರಗಿರಿ_ತೀರ:

‘ಬಿಟ್ವೀನ್’ ಕೇಳುವುದು ಎರಡು ಗೋಡೆ. ಗೋಡೆಗಳನ್ನು ಸೇರಿಸುವುದು ‘ಅಂಡ್’. ‘ಫ್ರಂ’ ಕೇಳುವುದು ಹೊರಡುವ ಜಾಗ, ತಲುಪುವ ಜಾಗಕ್ಕೆ ‘ಟು’. ‘ಬಿಟ್ವೀನ್ ಟೆನ್ ಅಂಡ್ ಟ್ವೆಲ್ವ್’, ‘ಫ್ರಂ ಟೆನ್ ಟು ಟ್ವೆಲ್ವ್’. ‘ಕಾಸರಗೋಡು ಮತ್ತು ಮಂಗಳೂರಿನ ನಡುವೆ’, ‘ಕಾಸರಗೋಡಿನಿಂದ ಮಂಗಳೂರಿಗೆ’. ನಾವು ಕನ್ನಡದಲ್ಲಿ ‘ಕಾಸರಗೋಡು ಮಂಗಳೂರಿಗೆ ನಡುವೆ’ ಅನ್ನುವುದಿಲ್ಲವಲ್ಲ? ‘ಹತ್ತರಿಂದ ಹನ್ನೆರಡರ ನಡುವೆ’ ಎಂದು ಮಾತಿನಲ್ಲಿ ಬೆರೆಸುತ್ತೇವೆ, ಆ ಬೆರಕೆಯೇ ಇಂಗ್ಲಿಷಿಗೆ ಹೋಗಿದೆ. ‘ಬಿಟ್ವೀನ್ ಯೂ ಅಂಡ್ ಐ’ ಕೂಡ ತಪ್ಪು, ‘ಮಿ’ ಆಗಬೇಕು. ನಡುವೆ ‘ಅಂಡ್’ ಬಂದ ಮಾತ್ರಕ್ಕೆ ಪ್ರಿಪೊಸಿಷನ್ನಿನ ಹಿಡಿತ ಸಡಿಲವಾಗುವುದಿಲ್ಲ.

‘ಅಲಾಂಗ್ ವಿತ್’ ವಿಷಯ ಪೂರ್ತಿ ಈ ಚರ್ಚೆಯದ್ದೇ. ‘ಅಂಡ್’ ಕಂಜಂಕ್ಷನ್, ಅದು ಇಬ್ಬರನ್ನೂ ಕರ್ತೃವಿನ ಕುರ್ಚಿಯಲ್ಲಿ ಕೂರಿಸುತ್ತದೆ. ‘ದ ಹೆಡ್‌ಮಾಸ್ಟರ್ ಅಂಡ್ ದ ಟೀಚರ್ಸ್ ಹ್ಯಾವ್ ಲೆಫ್ಟ್.’ ‘ವಿತ್’ ಪ್ರಿಪೊಸಿಷನ್. ಅದರ ಮುಂದೆ ಎಷ್ಟು ಜನ ಬಂದರೂ ಅವರು ಬರಿಯ ಜತೆಗಾರರು. ‘ದ ಹೆಡ್‌ಮಾಸ್ಟರ್, ಅಲಾಂಗ್ ವಿತ್ ದ ಟೀಚರ್ಸ್, ಹ್ಯಾಸ್ ಲೆಫ್ಟ್.’ ಕನ್ನಡದಲ್ಲೂ ಹಾಗೆಯೇ ಅಲ್ವಾ: ‘ಹುಡುಗನೂ ಹುಡುಗಿಯೂ ಬಂದರು’, ಆದರೆ ‘ಹುಡುಗ ಹುಡುಗಿಯ ಜತೆ ಬಂದ’. ‘ಆಸ್ ವೆಲ್ ಆಸ್’, ‘ಟುಗೆದರ್ ವಿತ್’, ‘ಇನ್ ಅಡಿಷನ್ ಟು’ ಎಲ್ಲ ಇದೇ ಸಾಲಿನವು. ‘ಐದರ್... ಆರ್’, ‘ನೈದರ್... ನಾರ್’ ಬಂದರೆ ಕ್ರಿಯಾಪದ ತನ್ನ ಹತ್ತಿರದ ಹೆಸರನ್ನು ನೋಡಿಕೊಳ್ಳುತ್ತದೆ.

‘ಬೋತ್... ಅಂಡ್’ ಬಗ್ಗೆ ಯಾರೂ ಕೇಳಲಿಲ್ಲ, ಆದರೂ ಬರೆಯುತ್ತೇನೆ. ಪ್ರಿಪೊಸಿಷನ್ ಮತ್ತು ಕಂಜಂಕ್ಷನ್ ನಿಜವಾಗಿ ಹೆಣೆದುಕೊಳ್ಳುವುದು ಇಲ್ಲಿ.

‘ಕಾಸರಗೋಡು ಮತ್ತು ಮಂಗಳೂರಿನಲ್ಲಿ’: ‘ಮತ್ತು’ ಹಾಕಿದರೆ ‘ಅಲ್ಲಿ’ ಪ್ರತ್ಯಯ ಕೊನೆಗೆ ಒಂದೇ ಸಲ. ‘ಕಾಸರಗೋಡಿನಲ್ಲೂ ಮಂಗಳೂರಿನಲ್ಲೂ’: ‘ಊ’ ಹಾಕಿದರೆ ‘ಅಲ್ಲಿ’ ಎರಡು ಸಲ. ಮಲಯಾಳದ ‘ಉಂ’, ತುಳುವಿನ ‘ಲಾ’ ಕೂಡ ಪ್ರತಿಯೊಂದು ಹೆಸರಿಗೂ ಅಂಟುವ ಜಾತಿಯವೇ, ಹಾಗಾಗಿ ನಮ್ಮೂರಿನ ಮಕ್ಕಳಿಗೆ ಮನೆಯಲ್ಲಿ ಯಾವ ಭಾಷೆ ಇದ್ದರೂ ಈ ಕಿವಿ ಉಂಟು. ಇಂಗ್ಲಿಷಿನಲ್ಲಿಯೂ ಇದೇ ಎರಡು ದಾರಿ. ಪ್ರಿಪೊಸಿಷನ್ ಹೊರಗೆ ನಿಂತರೆ ಒಂದೇ ಸಲ: ‘ಇನ್ ಬೋತ್ ಕಾಸರಗೋಡ್ ಅಂಡ್ ಮ್ಯಾಂಗಲೋರ್’. ಒಳಗೆ ಹೋದರೆ ಎರಡು ಸಲ: ‘ಬೋತ್ ಇನ್ ಕಾಸರಗೋಡ್ ಅಂಡ್ ಇನ್ ಮ್ಯಾಂಗಲೋರ್’. ‘ಬೋತ್ ಇನ್ ಕಾಸರಗೋಡ್ ಅಂಡ್ ಮ್ಯಾಂಗಲೋರ್’ ಅಂದರೆ ಒಂದು ಕಾಲಿಗೆ ಮಾತ್ರ ಚಪ್ಪಲಿ. ಜೋಡಿ ಪದದ ಎರಡು ತುಂಡುಗಳ ಮುಂದೆಯೂ ಒಂದೇ ಜಾತಿಯದ್ದು ಇರಬೇಕು. ‘ನಾಟ್ ಓನ್ಲಿ... ಬಟ್ ಆಲ್ಸೋ’ಗೂ ಇದೇ ಅಳತೆ.

ಎರಡು ಪದಗಳಿಗೆ ಎರಡು ಬೇರೆ ಪ್ರಿಪೊಸಿಷನ್ ಬೇಕಾದಾಗ ಒಂದನ್ನು ನುಂಗಬಾರದು. ‘ಶಿ ಈಸ್ ಇಂಟರೆಸ್ಟೆಡ್ ಅಂಡ್ ಗುಡ್ ಅಟ್ ಯಕ್ಷಗಾನ’ ತಪ್ಪು, ಯಾಕೆಂದರೆ ‘ಇಂಟರೆಸ್ಟೆಡ್ ಅಟ್’ ಇಲ್ಲ. ‘ಇಂಟರೆಸ್ಟೆಡ್ ಇನ್ ಅಂಡ್ ಗುಡ್ ಅಟ್ ಯಕ್ಷಗಾನ’. ಕಿವಿಗೆ ತುಸು ತೊಡಕು ಅನಿಸಿದರೂ ಲೆಕ್ಕ ಸರಿ. ‘ಬಿಫೋರ್ ಅಂಡ್ ಆಫ್ಟರ್ ಮೀಲ್ಸ್’, ‘ಇನ್ ಅಂಡ್ ಅರೌಂಡ್ ಕುಂಬ್ಳೆ’, ‘ವಿತ್ ಆರ್ ವಿದೌಟ್ ಶುಗರ್’: ಔಷಧಿ ಚೀಟಿಯಲ್ಲಿ, ಬ್ಯಾನರಿನಲ್ಲಿ, ಹೋಟೆಲಿನಲ್ಲಿ ದಿನಾ ಕಾಣುವ ಇವೂ ಅದೇ ಕಟ್ಟಡ: ಎರಡು ಪ್ರಿಪೊಸಿಷನ್, ನಡುವೆ ಒಂದು ಕಂಜಂಕ್ಷನ್, ಕೊನೆಗೆ ಇಬ್ಬರಿಗೂ ಸೇರಿದ ಒಂದು ಹೆಸರು.

---

ಎಲ್‌ಡಿಸಿ_ತಯಾರಿ:

‘ಎವ್ರಿವನ್ ಬಟ್ ಮಿ’ ಎಂಬಲ್ಲಿ ‘ಬಟ್’ ಕಂಜಂಕ್ಷನ್ ಅಲ್ವಾ? ‘ಬಟ್ ಐ’ ಆಗಬೇಡವಾ?

---

ಪೆರ್ಲದ_ಮೇಷ್ಟ್ರು:

ಅಲ್ಲಿ ‘ಬಟ್’ ಎಂದರೆ ‘ಹೊರತು’. ಪದದ ಹಳೆಯ ಅರ್ಥವೇ ‘ಹೊರಗೆ’ ಎಂಬುದು. ನಮ್ಮ ‘ಹೊರತು’ ಕೂಡ ‘ಹೊರ’ದಿಂದಲೇ ಬಂದದ್ದು ನೋಡಿ. ಪ್ರಿಪೊಸಿಷನ್ ಆದ್ದರಿಂದ ‘ಮಿ’.

---

ಬದಿಯಡ್ಕ_ಟ್ಯೂಷನ್:

ಎಲ್ಲರಿಗೂ ಧನ್ಯವಾದ. ಕನ್ನಡದ ‘ಇಂದ’ವನ್ನು ಮೊದಲು ತೋರಿಸುವುದು ಸರಿ ಕಾಣ್ತದೆ. ಇದನ್ನು ನಲವತ್ತು ನಿಮಿಷದ ಕ್ಲಾಸಿಗೆ ಇಳಿಸುವುದು ಹೇಗೆ? ಬಿಟ್ಟ ಸ್ಥಳದಲ್ಲಿ ಒಂಬತ್ತು ಅಂಕ ತೆಗೆಯುವ ಮಗುವೇ ಬರೆಯುವಾಗ ತಪ್ಪುವುದು ಯಾಕೆ ಎಂಬುದೂ ಇನ್ನೂ ಹೊಳೆದಿಲ್ಲ.

---

ಉಪ್ಪಳ_ಪೇಟೆ:

ಬಿಟ್ಟ ಸ್ಥಳದಲ್ಲಿ ಬಲಗಡೆಯ ತುಂಡನ್ನು ನೀವೇ ಕಟ್ಟಿ ಕೊಟ್ಟಿರ್ತೀರಿ. ಮಗು ಮಾಡಬೇಕಾದದ್ದು ಆಯ್ಕೆ ಮಾತ್ರ. ಸ್ವಂತ ಬರೆಯುವಾಗ ಕ್ರಮ ತಿರುಗಿ ಹೋಗುತ್ತದೆ: ಮೊದಲು ‘ಬಿಕಾಸ್ ಆಫ್’ ಬಾಯಿಗೆ ಬರ್ತದೆ, ಆಮೇಲೆ ಬಲಗಡೆಯನ್ನು ಕಟ್ಟಬೇಕು. ಆ ಅಭ್ಯಾಸ ಯಾರೂ ಮಾಡಿಸಿರುವುದಿಲ್ಲ. ಹಾಗಾಗಿ ಬಿಟ್ಟ ಸ್ಥಳವನ್ನೇ ತಿರುವಿ ಹಾಕಿ. ಪದ ಕೊಡಿ, ಬಲಗಡೆ ಖಾಲಿ ಬಿಡಿ.

ಮೊದಲ ಹತ್ತು ನಿಮಿಷ ‘ಬಿಫೋರ್’ ಒಂದೇ. ‘ವಿ ಸ್ಪ್ರೇ ದ ಪಾಮ್ಸ್ ಬಿಫೋರ್...’ ಎಂದು ಬರೆದು ಮೂರು ಬಗೆಯಲ್ಲಿ ಮುಗಿಸಲಿ: ಬರಿಯ ಹೆಸರಿನಲ್ಲಿ, ‘ಐಎನ್‌ಜಿ’ಯಲ್ಲಿ, ಇಡೀ ವಾಕ್ಯದಲ್ಲಿ. ‘ಬಿಫೋರ್ ದ ಮಾನ್ಸೂನ್’, ‘ಬಿಫೋರ್ ಗೋಯಿಂಗ್ ಟು ವರ್ಕ್’, ‘ಬಿಫೋರ್ ದ ರೈನ್ ಸ್ಟಾರ್ಟ್ಸ್’. ಆಮೇಲೆ ಹದಿನೈದು ನಿಮಿಷ ‘ಬಿಕಾಸ್’, ‘ಬಿಕಾಸ್ ಆಫ್’: ಒಂದೇ ಎಡಗಡೆ, ಬೇರೆ ಬೇರೆ ಬಲಗಡೆ. ಉಳಿದ ಹೊತ್ತಿನಲ್ಲಿ ತಿರುವುಮುರುವು: ‘ಬಿಕಾಸ್ ಆಫ್ ದ ಹೆವಿ ರೈನ್’ ಕೊಟ್ಟು ವಾಕ್ಯ ಮಾಡಿ ಅನ್ನಿ, ‘ಬಿಕಾಸ್ ಇಟ್ ರೇನ್ಡ್ ಹೆವಿಲಿ’ ಬರಬೇಕು. ಇದರಲ್ಲಿ ‘ಹೆವಿ’ ಹೋಗಿ ‘ಹೆವಿಲಿ’ ಆಗುವುದನ್ನು ಮರೆಯುತ್ತಾರೆ, ಹೆಸರು ಕ್ರಿಯೆಯಾದಾಗ ಅದರ ವಿಶೇಷಣವೂ ಬಟ್ಟೆ ಬದಲಿಸಬೇಕಲ್ಲ. ‘ದೋ’, ‘ಡಿಸ್‌ಪೈಟ್’ ಎರಡನೇ ದಿನಕ್ಕೆ. ‘ಸಿನ್ಸ್’, ‘ಫಾರ್’ ಕಾಲದ ಪಾಠದ ಜತೆಗೇ ಹೋಗಲಿ, ಇದರಲ್ಲಿ ತುರುಕಬೇಡಿ.

ತಿದ್ದುವಾಗ ಬೆಸುಗೆಯ ಜಾಗವನ್ನು ಮಾತ್ರ ತಿದ್ದಿ. ಸ್ಪೆಲ್ಲಿಂಗ್, ‘ದ’, ‘ಎ’ ಆ ದಿನ ಕಣ್ಣಿಗೆ ಬೀಳಲೇ ಇಲ್ಲ ಎಂದು ಇಟ್ಟುಕೊಳ್ಳಿ.

---

ಬದಿಯಡ್ಕ_ಟ್ಯೂಷನ್:

ಇವತ್ತು ಮಾಡಿದೆ. ‘ಬಿಫೋರ್’ನಲ್ಲಿ ಎಲ್ಲರೂ ಪಾಸು. ಕೊನೆಗೆ ಒಬ್ಬಳು ಬರೆದದ್ದು ಇದು: ‘ಇನ್ ಸ್ಪೈಟ್ ಆಫ್ ಮೈ ಮದರ್ ಟೋಲ್ಡ್ ಮಿ, ಐ ವೆಂಟ್ ವಿದೌಟ್ ಅಂಬ್ರೆಲಾ ಬಿಕಾಸ್ ದ ಸನ್.’ ಮೂರು ಬೆಸುಗೆಯಲ್ಲಿ ಎರಡು ಬಿಟ್ಟುಕೊಂಡಿವೆ. ಮೊದಲನೆಯದನ್ನು ‘ಆಲ್‌ದೋ ಮೈ ಮದರ್ ಟೋಲ್ಡ್ ಮಿ’ ಮಾಡಿದರೆ ಸಾಕಾ?

---

ಚಂದ್ರಗಿರಿ_ತೀರ:

ಬೆಸುಗೆ ಕೂಡಿತು, ಆದರೆ ಅಮ್ಮ ಏನು ಹೇಳಿದರು ಎಂಬುದು ಬಾಕಿ ಉಳಿಯಿತು. ‘ಆಲ್‌ದೋ ಮೈ ಮದರ್ ಟೋಲ್ಡ್ ಮಿ ಟು ಟೇಕ್ ಒನ್, ಐ ವೆಂಟ್ ವಿದೌಟ್ ಅನ್ ಅಂಬ್ರೆಲಾ ಬಿಕಾಸ್ ಆಫ್ ದ ಸನ್.’ ಕೊನೆಯದು ವ್ಯಾಕರಣಕ್ಕೆ ಸರಿ, ಅರ್ಥಕ್ಕೆ ಉಲ್ಟಾ: ಬಿಸಿಲಿನ ದೆಸೆಯಿಂದ ಕೊಡೆ ಬಿಟ್ಟು ಹೋದಳು ಎಂದು ಓದಿದವರಿಗೆ, ಬಿಸಿಲಿಗೂ ಕೊಡೆ ಬೇಕಲ್ಲ ಅನ್ನಿಸುತ್ತದೆ. ಅವಳ ಮನಸ್ಸಿನಲ್ಲಿ ಇರುವುದು ‘ಮಳೆ ಇಲ್ಲ, ಬಿಸಿಲು ಬಂದಿತ್ತು’ ಎಂಬುದು. ಅದು ಒಂದು ಹೆಸರಿನಲ್ಲಿ ಹಿಡಿಸುವುದಿಲ್ಲ, ವಾಕ್ಯವೇ ಬೇಕು: ‘ಬಿಕಾಸ್ ದ ಸನ್ ಹ್ಯಾಡ್ ಕಮ್ ಔಟ್’. ಅವಳು ‘ಆಫ್’ ಬಿಟ್ಟದ್ದು ತಪ್ಪಲ್ಲ ಅಂತ ಹೇಳಿ, ‘ದ ಸನ್’ ನಂತರ ಪೆನ್ನು ಎತ್ತಿದ್ದು ಮಾತ್ರ ಬೇಗ ಆಯಿತು.